ಟ್ರೇಲರ್ ಎಳೆಯಲು ಪಿಕಪ್ ಆರಿಸಿದ್ದು ಹೀಗೆ: ಬಾಗಿಲ ಸ್ಟಿಕರ್‌ನಿಂದ ವೇ ಬ್ರಿಡ್ಜ್‌ವರೆಗೆ

ಅಮೆರಿಕದಲ್ಲಿ ಫುಲ್-ಸೈಜ್ ಪಿಕಪ್ ಎಂದರೆ ಫೋರ್ಡ್ ಎಫ್-150, ಶೆವ್ರೊಲೆ ಸಿಲ್ವರಾಡೊ 1500, ಅದೇ ಮನೆತನದ ಜಿಎಂಸಿ ಸಿಯೆರಾ, ರ‍್ಯಾಮ್ 1500, ಟೊಯೋಟಾ ಟಂಡ್ರಾ. ನಿಸಾನ್ ಟೈಟನ್ 2024ರ ಮಾಡೆಲ್‌ಗೆ ನಿಂತುಹೋಯಿತು. ಊರಲ್ಲಿ ಕಾಣುವ ಹೈಲಕ್ಸ್, ವಿ-ಕ್ರಾಸ್‌ಗಳು ಇಲ್ಲಿ ಮಿಡ್-ಸೈಜ್ ಲೆಕ್ಕಕ್ಕೆ ಬರುತ್ತವೆ. ಟೆಕ್ಸಸ್‌ನಲ್ಲಿರುವ ನನಗೆ ಬೇಕಾಗಿದ್ದದ್ದು ನಾಲ್ಕು ಜನರ ಸಂಸಾರ ಕೂರಿಸಿಕೊಂಡು ಟ್ರಾವೆಲ್ ಟ್ರೇಲರ್ (ಚಕ್ರದ ಮೇಲಿನ ಪುಟ್ಟ ಮನೆ) ಎಳೆಯುವ, ಮಿಕ್ಕ ದಿನ ಆಫೀಸಿಗೂ ಹೋಮ್ ಡಿಪೋಗೂ ಓಡುವ ಒಂದು ಸೆಕೆಂಡ್ ಹ್ಯಾಂಡ್ ಟ್ರಕ್. ಹೆಚ್ಚಿನವರು ಮೊದಲು ಕಂಪನಿ, ಆಮೇಲೆ ಎಂಜಿನ್, ಆಮೇಲೆ ಬಣ್ಣ ನೋಡಿ, ತೂಕದ ಮಾತನ್ನು ಸೇಲ್ಸ್‌ಮನ್ ಬಾಯಿಗೆ ಬಿಡುತ್ತಾರೆ. ನಾನು ತೂಕದಿಂದಲೇ ಶುರು ಮಾಡಿದೆ.

ಜಾಹೀರಾತಿನಲ್ಲಿ "13,000 ಪೌಂಡ್ ಎಳೆಯುತ್ತದೆ" ಎಂದಿರುತ್ತದೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದನ್ನು ತೆಗೆಯುವಾಗ ಟ್ರಕ್‌ನಲ್ಲಿ ಇಬ್ಬರೇ ಇರುತ್ತಾರೆ, ತಲಾ 150 ಪೌಂಡ್. ಟ್ರಾವೆಲ್ ಟ್ರೇಲರ್ ತನ್ನ ತೂಕದ 10ರಿಂದ 15 ಶೇಕಡಾವನ್ನು ಹಿಚ್ (ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಹೊರಿಸುತ್ತದೆ. ಇದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಇದು ಎಳೆಯುವ ಭಾರವಲ್ಲ, ಹೊರುವ ಭಾರ. ಟ್ರಕ್‌ನ ಪೇಲೋಡ್‌ನಲ್ಲೇ (ಟ್ರಕ್ ತನ್ನ ಮೇಲೆ ಹೊರಬಲ್ಲ ತೂಕದಲ್ಲೇ) ಕಳೆಯಬೇಕು. 13,000ಕ್ಕೆ 13 ಶೇಕಡಾ ಹಿಡಿದರೂ 1,690 ಪೌಂಡ್ ಆಯಿತು. ಡ್ರೈವರ್ ಹತ್ತಿದರೆ ಬಹಳಷ್ಟು ಟ್ರಕ್‌ಗಳ ಪೇಲೋಡ್ ಅಲ್ಲಿಗೇ ಮುಗಿಯುತ್ತದೆ. ಹಾಫ್-ಟನ್ (ಎಫ್-150, 1500 ವರ್ಗದ) ಟ್ರಕ್‌ನಲ್ಲಿ ಎಳೆಯುವ ಶಕ್ತಿಗಿಂತ ಮೊದಲು ತೀರುವುದು ಪೇಲೋಡ್.

ನನ್ನ ಲೆಕ್ಕ ಹೀಗಿತ್ತು. ಸಾಮಾನು ತುಂಬಿದ ಟ್ರೇಲರ್ 6,500 ಪೌಂಡ್, ಅದರ 13 ಶೇಕಡಾ 845. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ (ಟಂಗ್ ವೇಟನ್ನು ಬಾರ್‌ಗಳ ಮೂಲಕ ಮುಂದಿನ ಆಕ್ಸಲ್‌ಗೂ ಹಂಚುವ ಹಿಚ್) ಕಬ್ಬಿಣ 90. ನಾಲ್ಕು ಜನ 560. ಬೆಡ್‌ನಲ್ಲಿ (ಹಿಂದಿನ ತೆರೆದ ಸರಕಿನ ಜಾಗದಲ್ಲಿ) ಜನರೇಟರ್, ಕೂಲರ್, ಸೌದೆ 150. ಒಟ್ಟು 1,645 ಪೌಂಡ್. ಟ್ರೇಲರ್ ತೂಕಕ್ಕೆ ಡೀಲರ್ ಹೇಳುವ ಡ್ರೈ ವೇಟ್ (ಖಾಲಿ ತೂಕ) ಹಿಡಿಯಬಾರದು. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಕುಕ್ಕರ್, ಅಕ್ಕಿ, ಹಾಸಿಗೆ ಎಲ್ಲ ಸೇರಿ ಅದು ಸುಲಭವಾಗಿ ಸಾವಿರ ಪೌಂಡ್ ಏರುತ್ತದೆ. ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮ ಬರುವ ಮನೆಯಾದರೆ ಇನ್ನೂ 300 ಕೂಡಿಸಿ. ಆಗ ಮುಂದೆಯೂ ಮೂರು ಜನ ಕೂರುವ ಬೆಂಚ್ ಸೀಟು ಬೇಕು, ಅದು ಸಿಗುವುದು ಕೆಳಗಿನ ಟ್ರಿಮ್‌ಗಳಲ್ಲಿ (ಕಡಿಮೆ ಸೌಕರ್ಯದ ದರ್ಜೆಗಳಲ್ಲಿ).

ಈ 1,645ನ್ನು ಹೋಲಿಸಬೇಕಾದ್ದು ಬ್ರೋಷರ್‌ಗಲ್ಲ, ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಕಾಣುವ ಹಳದಿ-ಬಿಳಿ ಟೈರ್ ಸ್ಟಿಕರ್‌ಗೆ. "ಜನ ಮತ್ತು ಸರಕಿನ ಒಟ್ಟು ತೂಕ ಇಷ್ಟು ಮೀರಬಾರದು" ಎಂದು ಕೆಜಿ, ಪೌಂಡ್ ಎರಡರಲ್ಲೂ ಇರುತ್ತದೆ. ಅದು ಆ ಒಂದು ಟ್ರಕ್‌ಗೇ ಸೇರಿದ ಸಂಖ್ಯೆ. ಫ್ಯಾಕ್ಟರಿಯಲ್ಲಿ ಹಾಕಿದ ಸನ್‌ರೂಫ್, ತಂಪು ಸೀಟು, ದೊಡ್ಡ ಚಕ್ರ ಎಲ್ಲವನ್ನೂ ಕಳೆದೇ ಬರೆದಿರುತ್ತಾರೆ. ಹಾಗಾಗಿ ಟ್ರಿಮ್ ಏರಿದಷ್ಟೂ ಪೇಲೋಡ್ ಇಳಿಯುತ್ತದೆ. ಒಂದೇ ವರ್ಷದ, ಒಂದೇ ಎಂಜಿನ್ನಿನ ಎಫ್-150 ಎಕ್ಸ್‌ಎಲ್‌ಟಿಯಲ್ಲಿ 1,800 ಇದ್ದರೆ ಪ್ಲಾಟಿನಂನಲ್ಲಿ 1,400 ಇರಬಹುದು. ರ‍್ಯಾಮ್ ಲಿಮಿಟೆಡ್‌ನಲ್ಲಿ 1,300ರ ಆಸುಪಾಸೂ ಕಾಣುತ್ತದೆ. ದುಡ್ಡು ಹೆಚ್ಚು ಕೊಟ್ಟು ಕಡಿಮೆ ಹೊರುವ ಗಾಡಿ ತರುವುದು ಈ ಮಾರುಕಟ್ಟೆಯ ವಿಚಿತ್ರ. ಡೀಲರ್ ಆಮೇಲೆ ಹಾಕಿದ ಸೈಡ್ ಸ್ಟೆಪ್, ಬೆಡ್ ಕವರ್ ಮಾತ್ರ ಸ್ಟಿಕರ್‌ನಲ್ಲಿ ಸೇರಿರುವುದಿಲ್ಲ, ಅದನ್ನು ನೀವೇ ಕಳೆಯಬೇಕು. ಫೈಬರ್ ಗ್ಲಾಸ್ ಕ್ಯಾಪ್ ಒಂದೇ 200 ಪೌಂಡ್ ಆದೀತು. ಇಂಧನ ಪೂರ್ತಿ ತುಂಬಿದ ಲೆಕ್ಕ ಅದರಲ್ಲೇ ಇದೆ. ಹೆಲ್ಪರ್ ಏರ್ ಬ್ಯಾಗ್ ಹಾಕಿದರೆ, ಇ-ಲೋಡ್ ಟೈರ್ ಹಾಕಿದರೆ ಪೇಲೋಡ್ ಏರುತ್ತದೆ ಎಂಬ ಮಾತನ್ನು ನಂಬಬೇಡಿ. ಹಿಂಭಾಗ ಕುಸಿಯುವುದು ತಪ್ಪುತ್ತದೆ, ಅಲುಗಾಟ ಕಡಿಮೆಯಾಗುತ್ತದೆ, ಸ್ಟಿಕರ್‌ನ ಸಂಖ್ಯೆ ಅಲ್ಲೇ ಇರುತ್ತದೆ.

ಈ ಒಂದು ಚೀಟಿಯಿಂದ ಮನೆಯಲ್ಲೇ ಕೂತು ಮುಕ್ಕಾಲು ಪಾಲು ಟ್ರಕ್‌ಗಳನ್ನು ತಳ್ಳಿಹಾಕಬಹುದು. ಮಾರುವವರಿಗೆ ನಾನು ಕೇಳುತ್ತಿದ್ದದ್ದು ಮೂರೇ ಫೋಟೋ: ಟೈರ್ ಸ್ಟಿಕರ್, ಪಕ್ಕದ ಆಕ್ಸಲ್ ತೂಕದ ಸ್ಟಿಕರ್, ಹಿಚ್ ರಿಸೀವರ್‌ನ (ಹಿಚ್ ಕೂರುವ ಚೌಕ ಕೊಳವೆಯ) ಸ್ಟಿಕರ್. ರಿಸೀವರ್‌ನದನ್ನು ಬಹಳ ಜನ ಓದುವುದೇ ಇಲ್ಲ. ಎಫ್-150ರ ಹಲವು ರಿಸೀವರ್‌ಗಳಲ್ಲಿ ಬರೀ ಬಾಲ್ ಹಾಕಿ ಎಳೆದರೆ ಮಿತಿ 5,000 ಪೌಂಡ್, ಟಂಗ್ ವೇಟ್ 500. ಅದಕ್ಕಿಂತ ಮೇಲೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕೇ ಬೇಕು.

ಎರಡನೆಯದು ಆಕ್ಸಲ್ ರೇಷಿಯೊ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಸಂಖ್ಯೆ. ಅದು ಹೆಚ್ಚಿದ್ದಷ್ಟೂ ಎಳೆತ ಸುಲಭ. ಫೋರ್ಡ್‌ನ ಬಾಗಿಲ ಲೇಬಲ್‌ನಲ್ಲಿ ಆಕ್ಸಲ್ ಕೋಡ್ ಎಲ್9 ಇದ್ದರೆ 3.55, ಎಲ್6 ಇದ್ದರೆ 3.73, ಎರಡೂ ಲಾಕಿಂಗ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳನ್ನೂ ಒಟ್ಟಿಗೆ ತಿರುಗಿಸುವ ವ್ಯವಸ್ಥೆ) ಇರುವಂಥವು. ಜಿಎಂನಲ್ಲಿ ಜಿಯು6 ಎಂದರೆ 3.42, ಜಿಟಿ4 ಎಂದರೆ 3.73, ಜಿ80 ಎಂದರೆ ಲಾಕಿಂಗ್. ರ‍್ಯಾಮ್‌ನಲ್ಲಿ 3.21 ಇದ್ದರೆ ದೊಡ್ಡ ಟ್ರೇಲರ್‌ಗೆ ಆಗದು, 3.92 ಹುಡುಕಿ. ಹತ್ತು ಗೇರ್ ಇರುವ ಎಫ್-150ಗೆ 3.55 ಸಾಕು.

ಬೆಡ್ ಉದ್ದದ ವಿಷಯ ಗ್ಯಾರೇಜ್ ನಿರ್ಧರಿಸುತ್ತದೆ. ನಾಲ್ಕು ಬಾಗಿಲ ಎಫ್-150 ಐದೂವರೆ ಅಡಿ ಬೆಡ್‌ನೊಂದಿಗೆ ಸುಮಾರು 232 ಇಂಚು, ಆರೂವರೆ ಅಡಿಯಾದರೆ ಸುಮಾರು 244. ಇಪ್ಪತ್ತಡಿ ಗ್ಯಾರೇಜ್ ಎಂದರೆ 240 ಇಂಚು. ಟೇಪ್ ಹಿಡಿದು ಗೋಡೆಯಿಂದ ಬಾಗಿಲಿನವರೆಗೆ ಅಳೆಯಿರಿ, ವಾಟರ್ ಹೀಟರ್ ಚಾಚಿಕೊಂಡಿದ್ದರೆ ಅದನ್ನೂ. ಉದ್ದ ಬೆಡ್‌ನ ಗಾಡಿಗೆ ವೀಲ್‌ಬೇಸ್ ಹೆಚ್ಚು, ಟ್ರೇಲರ್ ಎಳೆಯುವಾಗ ಪಕ್ಕದ ಗಾಳಿಗೆ ಕಡಿಮೆ ಓಲಾಡುತ್ತದೆ. ನನ್ನ ಗಾಡಿ ಡ್ರೈವ್‌ವೇಯಲ್ಲೇ ನಿಲ್ಲುವುದರಿಂದ ಆರೂವರೆ ಅಡಿ ಹಿಡಿದೆ. ಸ್ವಂತ ಬಿಸಿನೆಸ್ ಇದ್ದವರಿಗೆ ಇನ್ನೊಂದು ಕಾರಣವಿದೆ: ಬಿಸಿನೆಸ್ ಗಾಡಿಯ ಬೆಲೆಯನ್ನು ಆದಾಯದಲ್ಲಿ ಕಳೆಯಲು ಬಿಡುವ ತೆರಿಗೆ ನಿಯಮ ಸೆಕ್ಷನ್ 179ರಲ್ಲಿ 6,000 ಪೌಂಡ್ ಮೀರಿದ ಎಸ್‌ಯುವಿಗಳಿಗೆ ಇರುವ ಮಿತಿ, ಒಳಗಳತೆ ಆರಡಿಗೆ ಕಡಿಮೆ ಇಲ್ಲದ ಬೆಡ್‌ನ ಪಿಕಪ್‌ಗೆ ಅನ್ವಯಿಸುವುದಿಲ್ಲ. ಬಿಸಿನೆಸ್ ಬಳಕೆ 50 ಶೇಕಡಾ ಮೀರಿರಬೇಕು, ಅಷ್ಟೇ. ನಿಮ್ಮ ಸಿಪಿಎಯನ್ನು (ಲೆಕ್ಕ ಪರಿಶೋಧಕರನ್ನು) ಕೇಳಿ.

ಟ್ಯಾಂಕ್ ಗಾತ್ರವನ್ನು ಯಾರೂ ಕೇಳುವುದಿಲ್ಲ. ಡಬ್ಬದಂಥ ಟ್ರೇಲರ್ ಎಳೆದರೆ ಗ್ಯಾಲನ್‌ಗೆ ಒಂಬತ್ತು-ಹತ್ತು ಮೈಲಿ ಸಿಗುತ್ತದೆ, ಯಾವ ಕಂಪನಿಯಾದರೂ ಅಷ್ಟೇ. ಸಿಲ್ವರಾಡೊದ 24 ಗ್ಯಾಲನ್ ಟ್ಯಾಂಕಿನಲ್ಲಿ ಇನ್ನೂರು ಮೈಲಿಗೆ ಬಂಕ್ ಹುಡುಕಬೇಕು. ಅದೂ ಟ್ರೇಲರ್ ತಿರುಗುವ ಜಾಗ ಇರುವ ಬಂಕ್. ಪಶ್ಚಿಮ ಟೆಕ್ಸಸ್ ಕಡೆ ಹೋಗುವವರಿಗೆ ಎಫ್-150ರ 36, ರ‍್ಯಾಮ್‌ನ 33, ಟಂಡ್ರಾದ 32 ಗ್ಯಾಲನ್ ಟ್ಯಾಂಕ್‌ಗಳ ಬೆಲೆ ಗೊತ್ತಾಗುತ್ತದೆ.

ಇನ್ನು ಎಂಜಿನ್. ಯಾವುದಕ್ಕೂ ದೋಷವಿಲ್ಲ ಎನ್ನುವಂತಿಲ್ಲ. ಯಾವ ದೋಷವನ್ನು ಕೊಳ್ಳುವ ಮುಂಚೆ ಪತ್ತೆ ಮಾಡಬಹುದು ಎನ್ನುವುದೇ ಪ್ರಶ್ನೆ. ಫೋರ್ಡ್‌ನ 3.5 ಇಕೋಬೂಸ್ಟ್ ಎಳೆತದಲ್ಲಿ ಮೇಲು, 400 ಕುದುರೆ ಶಕ್ತಿ, 500 ಪೌಂಡ್-ಅಡಿ ಟಾರ್ಕ್. ಆದರೆ 2017ರಿಂದ 2020ರವರೆಗಿನವುಗಳಲ್ಲಿ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಸವೆತ ಸಾಮಾನ್ಯ. ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಮಾಡಿದಾಗ ಎರಡು-ಮೂರು ಸೆಕೆಂಡ್ ಮುಂಭಾಗದಿಂದ ಗಡಗಡ ಸದ್ದು ಬರುತ್ತದೆ. ಬಿಸಿ ಎಂಜಿನ್‌ನಲ್ಲಿ ಇದು ಕೇಳುವುದೇ ಇಲ್ಲ. ರಿಪೇರಿಗೆ ಮುಂದಿನ ಕವರ್ ಪೂರ್ತಿ ಬಿಚ್ಚಬೇಕು, ಬಿಲ್ಲು ಸಾವಿರಗಳಲ್ಲಿ. 5.0 ವಿ8 ಸರಳ, ಟರ್ಬೊ ಇಲ್ಲ, ಬೆಟ್ಟ ಹತ್ತುವಾಗ ಮಾತ್ರ ಅರಚುತ್ತದೆ. ಜಿಎಂನ 5.3 ಮತ್ತು 6.2 ವಿ8ಗಳಲ್ಲಿ ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆಯ ಲಿಫ್ಟರ್‌ಗಳು (ವಾಲ್ವ್ ಎತ್ತುವ ಭಾಗಗಳು) ಸಿಕ್ಕಿಹಾಕಿಕೊಂಡು ಕ್ಯಾಮ್ ತಿನ್ನುವುದುಂಟು. 2021ರಿಂದ 2024ರ 6.2ಗೆ 2025ರ ಏಪ್ರಿಲ್‌ನಲ್ಲಿ ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್ ದೋಷಕ್ಕೆ ದೊಡ್ಡ ರೀಕಾಲ್ ಬಂತು. ತಪಾಸಣೆಯಲ್ಲಿ ಪಾಸಾದವುಗಳಿಗೆ 0ಡಬ್ಲ್ಯು-40 ಆಯಿಲ್ ಹಾಕಿ ಕಳಿಸುತ್ತಾರೆ. 3.0 ಡ್ಯುರಾಮ್ಯಾಕ್ಸ್ ಡೀಸೆಲ್ ಎಳೆಯಲು ಸೊಗಸು, ಆದರೆ ಅದರ ಆಯಿಲ್ ಪಂಪ್ ಬೆಲ್ಟ್ ಎಂಜಿನ್‌ನ ಹಿಂಬದಿಯಲ್ಲಿದೆ. ಅದನ್ನು ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು, ಆರಂಭದ ಮಾಡೆಲ್‌ಗಳಲ್ಲಿ 1,50,000 ಮೈಲಿಗೆ. ರ‍್ಯಾಮ್‌ನ 5.7 ಹೆಮಿಯಲ್ಲಿ ಟಿಕ್ ಟಿಕ್ ಸದ್ದಿಗೆ ಎರಡು ಕಾರಣ. ಎಂಜಿನ್ ಬಿಸಿಯಾಗುತ್ತಾ ಮಾಯವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿದಿದೆ, ಇದು ಸಹಿಸಬಹುದಾದದ್ದು. ಬಿಸಿಯಾದ ಮೇಲೂ ಉಳಿದರೆ ಲಿಫ್ಟರ್ ಇರಬಹುದು, ಆ ಗಾಡಿ ಬಿಟ್ಟು ಬನ್ನಿ. 2022-23ರ ಟಂಡ್ರಾಗೆ ಎಂಜಿನ್ ಒಳಗುಳಿದ ಲೋಹದ ಚೂರಿನ ಕಾರಣಕ್ಕೆ 2024ರಲ್ಲಿ ರೀಕಾಲ್ ಆಯಿತು. 2021ರವರೆಗಿನ 5.7 ವಿ8 ಟಂಡ್ರಾ ಗಟ್ಟಿ, ಕುಡಿಯುವುದೂ ಗಟ್ಟಿಯಾಗಿಯೇ.

ನಾನು ಆರಿಸಿಕೊಂಡದ್ದು 2021ರ ನಂತರದ ಎಫ್-150 ಎಕ್ಸ್‌ಎಲ್‌ಟಿ, 3.5 ಇಕೋಬೂಸ್ಟ್, ಮ್ಯಾಕ್ಸ್ ಟೋ ಪ್ಯಾಕೇಜ್ (ಹೆಚ್ಚು ಭಾರ ಎಳೆಯಲು ಫ್ಯಾಕ್ಟರಿಯಲ್ಲೇ ಜೋಡಿಸಿದ ಸಲಕರಣೆ). 2021ರಿಂದ 23ರ ಮ್ಯಾಕ್ಸ್ ಟೋ ಗಾಡಿಗಳಿಗೆ ಹಿಂದಿನ ಆಕ್ಸಲ್ ಹಬ್‌ನ ಬೋಲ್ಟ್ ಮುರಿಯುವ ರೀಕಾಲ್ ಇದೆ. ಬೋಲ್ಟ್ ಮುರಿದರೆ ಪಾರ್ಕ್‌ನಲ್ಲಿಟ್ಟ ಗಾಡಿಯೂ ಉರುಳಬಹುದು. ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ತಾಣದಲ್ಲಿ ಗಾಡಿಯ ಗುರುತಿನ ವಿನ್ ನಂಬರ್ ಹಾಕಿದರೆ ಆ ಕೆಲಸ ಮುಗಿದಿದೆಯೋ ಬಾಕಿಯೋ ತಕ್ಷಣ ಗೊತ್ತಾಗುತ್ತದೆ.

ನೋಡಲು ಹೋಗುವ ದಿನ "ಸ್ಟಾರ್ಟ್ ಮಾಡದೆ ಇಟ್ಟಿರಿ" ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೊರಡಿ. ಆಯಿಲ್ ಡಿಪ್‌ಸ್ಟಿಕ್, ಕೂಲಂಟ್ ಮಟ್ಟ ನೋಡಿ ನೆಲದ ಮೇಲೆ ಮಲಗಿ ಫ್ರೇಮ್ ನೋಡಿ. ಓಹಾಯೊ, ಮಿಷಿಗನ್ ಕಡೆಯ ಉಪ್ಪು ಸುರಿದ ರಸ್ತೆಗಳಿಂದ ಬಂದ ಗಾಡಿಯಾದರೆ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಪದರ ಉದುರಿದರೆ ಬೇಡ. ಎಫ್-150ರ ಮೈ 2015ರಿಂದ ಅಲ್ಯುಮಿನಿಯಂ, ಆದರೆ ಫ್ರೇಮ್ ಸ್ಟೀಲೇ. ಕೆಳಗೆ ಹೊಸದಾಗಿ ಬಳಿದ ಕಪ್ಪು ಕೋಟಿಂಗ್ ಕಂಡರೆ ಅನುಮಾನ ಪಡಿ. ನೆರೆ ನೀರು ಕಂಡ ಗಾಡಿಯೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ.

ಡ್ಯಾಶ್‌ಬೋರ್ಡ್ ಮೆನುವಿನಲ್ಲಿ ಎಂಜಿನ್ ಗಂಟೆಗಳನ್ನು ತೆಗೆದು ನೋಡಿ, ಫೋರ್ಡ್‌ನಲ್ಲಿ ಐಡಲ್ ಗಂಟೆಯನ್ನೂ ಬೇರೆಯಾಗಿ ತೋರಿಸುತ್ತದೆ. 60,000 ಮೈಲಿಗೆ 2,000 ಗಂಟೆ ಇದ್ದರೆ ಸರಾಸರಿ ಗಂಟೆಗೆ 30 ಮೈಲಿ, ಸಹಜ. 4,500 ಗಂಟೆ ಇದ್ದರೆ ಕಂಪನಿಯ ಕೆಲಸಕ್ಕೆ ನಿಂತಲ್ಲೇ ಓಡಿದ ಗಾಡಿ. ಮೈಲಿ ಕಡಿಮೆ ಎಂದು ಹಿಗ್ಗುವ ಹಾಗಿಲ್ಲ.

ಓಡಿಸುವಾಗ ಹತ್ತು ಗೇರ್ ಬಾಕ್ಸನ್ನು ನಿಧಾನದಲ್ಲೇ ಪರೀಕ್ಷಿಸಬೇಕು. ಸಿಗ್ನಲ್‌ಗೆ ನಿಲ್ಲುವಷ್ಟು ಇಳಿಸಿ, ನಿಲ್ಲುವ ಮೊದಲೇ ಮತ್ತೆ ಆಕ್ಸಿಲರೇಟರ್ ಒತ್ತಿ. 3ರಿಂದ 5ರ ನಡುವೆ ದಡಕ್ ಎಂದು ಬಡಿದರೆ ಒಳಗಿನ ಡ್ರಮ್ ಸವೆದಿರಬಹುದು. ಹಳೆಯ ಜಿಎಂ ಎಂಟು ಗೇರ್‌ನದರಲ್ಲಿ ಹಗುರ ಎಳೆತದಲ್ಲಿ ರಸ್ತೆಯಂಚಿನ ರಂಬಲ್ ಸ್ಟ್ರಿಪ್ ಮೇಲೆ ಹೋದಂತೆ ನಡುಕ ಬಂದರೆ ಟಾರ್ಕ್ ಕನ್ವರ್ಟರ್. ಫ್ಲೂಯಿಡ್ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎಫ್-150 ಫೋರ್ ಬೈ ಫೋರ್‌ನಲ್ಲಿ ಟು-ವೀಲ್ ಮೋಡ್‌ನಲ್ಲೇ ಮುಂದಿನ ಚಕ್ರದ ಬಳಿ ಕರಕರ ಬಂದರೆ ಹಬ್ ಬಿಡಿಸುವ ವ್ಯಾಕ್ಯೂಮ್ ಸೋರುತ್ತಿದೆ. ಬೇಗ ಹಿಡಿದರೆ ಪೈಪು, ಸೊಲೆನಾಯ್ಡ್‌ನಲ್ಲಿ ಮುಗಿಯುತ್ತದೆ, ಬಿಟ್ಟರೆ ಹಬ್ಬಿನ ಹಲ್ಲೇ ಹೋಗುತ್ತದೆ. ಕೊನೆಗೆ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಚುಚ್ಚಿ ರೆಡಿನೆಸ್ ಮಾನಿಟರ್ (ಎಮಿಷನ್ ಸ್ವಯಂ-ಪರೀಕ್ಷೆಗಳು ಮುಗಿದಿವೆಯೇ ಎಂಬ ಪಟ್ಟಿ) ನೋಡಿ. ಎಲ್ಲವೂ "ಸಿದ್ಧವಿಲ್ಲ" ಎಂದರೆ ನಿನ್ನೆಯೋ ಇವತ್ತೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಟೆಕ್ಸಸ್‌ನಲ್ಲಿ 2025ರಿಂದ ಸೇಫ್ಟಿ ಇನ್‌ಸ್ಪೆಕ್ಷನ್ ಇಲ್ಲವಾದರೂ ಡಲ್ಲಾಸ್, ಕಾಲಿನ್, ಟ್ರ್ಯಾವಿಸ್, ಹ್ಯಾರಿಸ್‌ನಂಥ ಕೌಂಟಿಗಳಲ್ಲಿ ಎಮಿಷನ್ ಟೆಸ್ಟ್ ಉಳಿದಿದೆ.

ಬೆಲೆಯ ಮಾತನ್ನು ನಾನು ಇಮೇಲ್‌ನಲ್ಲೇ ಮುಗಿಸುತ್ತೇನೆ: ತೆರಿಗೆ, ಟೈಟಲ್ (ಮಾಲೀಕತ್ವದ ಪತ್ರ), ಡಾಕ್ಯುಮೆಂಟ್ ಫೀ ಎಲ್ಲ ಸೇರಿ ಒಟ್ಟು ಎಷ್ಟು ಎಂಬ ಒಂದೇ ಸಂಖ್ಯೆ. ತಿಂಗಳ ಕಂತಿನ ಲೆಕ್ಕಕ್ಕೆ ಬೀಳಬೇಡಿ. ನೈಟ್ರೋಜನ್ ಗಾಳಿ, ಗಾಜಿನ ಮೇಲೆ ವಿನ್ ಕೊರೆತ, ಪೇಂಟ್ ಪ್ರೊಟೆಕ್ಷನ್ ಪಟ್ಟಿಯಲ್ಲಿದ್ದರೆ ತೆಗೆಸಿ. ಕ್ರೆಡಿಟ್ ಯೂನಿಯನ್‌ನ ಸಾಲ ಮಂಜೂರಾತಿ ಕೈಯಲ್ಲಿದ್ದರೆ ಡೀಲರ್ ತನ್ನ ಬಡ್ಡಿ ಇಳಿಸುವ ಸಾಧ್ಯತೆ ಹೆಚ್ಚು. ಟೆಕ್ಸಸ್ ತೆರಿಗೆ 6.25 ಶೇಕಡಾ. ಖಾಸಗಿಯವರಿಂದ ಕೊಂಡರೆ ಕೊಟ್ಟ ಬೆಲೆ ಅಥವಾ ರಾಜ್ಯ ನಿಗದಿ ಮಾಡಿದ ಅಂದಾಜು ಮೌಲ್ಯದ 80 ಶೇಕಡಾ, ಯಾವುದು ಹೆಚ್ಚೋ ಅದರ ಮೇಲೆ. ಸಹಿ ಹಾಕಿದ ಟೈಟಲ್ ಮತ್ತು 130-ಯು ಫಾರಂ (ಟೈಟಲ್ ಅರ್ಜಿ) ಹಿಡಿದು ಮಾರುವವರ ಜೊತೆಗೇ ಕೌಂಟಿ ಟ್ಯಾಕ್ಸ್ ಆಫೀಸಿಗೆ ಹೋಗುವುದು ಒಳ್ಳೆಯದು.

ಗಾಡಿ ಬಂದ ಮೇಲೆ ಸ್ಟಿಕರ್ ಲೆಕ್ಕವನ್ನು ಹೆದ್ದಾರಿ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಎಂಬ ವೇ ಬ್ರಿಡ್ಜ್‌ನಲ್ಲಿ ಪರೀಕ್ಷಿಸಿ. ಟ್ಯಾಂಕ್ ತುಂಬಿ, ಎಲ್ಲರನ್ನೂ ಕೂರಿಸಿ ಮೂರು ಸಲ ತೂಗಬೇಕು: ಹಿಚ್‌ನ ಬಾರ್ ಹಾಕಿ, ಬಾರ್ ಬಿಚ್ಚಿ, ಕೊನೆಗೆ ಟ್ರೇಲರ್ ಕಳಚಿ, ಹಿಚ್ ಹೆಡ್ ಮಾತ್ರ ರಿಸೀವರ್‌ನಲ್ಲೇ ಇಟ್ಟು. ಉದಾಹರಣೆಗೆ ಟ್ರಕ್ ಒಂಟಿಯಾಗಿ ಮುಂದೆ 3,260, ಹಿಂದೆ 2,790, ಒಟ್ಟು 6,050. ಬಾರ್ ಬಿಚ್ಚಿದಾಗ 2,960 ಮತ್ತು 3,935, ಒಟ್ಟು 6,895. ವ್ಯತ್ಯಾಸ 845, ಅದೇ ನಿಜವಾದ ಟಂಗ್ ವೇಟ್. ಬಾರ್ ಹಾಕಿದಾಗ 3,120 ಮತ್ತು 3,710. ಮುಂದಿನ ಆಕ್ಸಲ್ ಕಳೆದುಕೊಂಡ 300ರಲ್ಲಿ 160 ವಾಪಸ್ ಬಂದಿದೆ, ಅಂದರೆ ಅರ್ಧಕ್ಕೆ ತುಸು ಹೆಚ್ಚು. ಎಷ್ಟು ವಾಪಸ್ ಬರಬೇಕೆಂದು ಟ್ರಕ್‌ನ ಮ್ಯಾನುಯಲ್‌ನಲ್ಲಿರುತ್ತದೆ, ಕಡಿಮೆಯಾದರೆ ಚೈನನ್ನು ಒಂದು ಕೊಂಡಿ ಬಿಗಿ ಮಾಡಿ ಮತ್ತೆ ತೂಗಿ. ಒಟ್ಟು 6,830 ಬಾಗಿಲ ಮೇಲಿನ ಜಿವಿಡಬ್ಲ್ಯುಆರ್ (ಟ್ರಕ್‌ಗೆ ಅನುಮತಿಸಿದ ಗರಿಷ್ಠ ಒಟ್ಟು ತೂಕ) 7,050ರ ಒಳಗಿದೆ. ಹಿಂದಿನ 3,710ನ್ನು ಅದೇ ಸ್ಟಿಕರ್‌ನ ಹಿಂದಿನ ಆಕ್ಸಲ್ ಮಿತಿಯೊಂದಿಗೆ ಪ್ರತ್ಯೇಕವಾಗಿ ಹೋಲಿಸಿ. ಅದು ಮೀರಿದ್ದರೆ ಮೊದಲು ಕೆಳಗಿಳಿಯಬೇಕಾದ್ದು ಬೆಡ್‌ನಲ್ಲಿರುವ ಜನರೇಟರ್ ಮತ್ತು ಸೌದೆ.