ವಿನೆಗರ್‌ಗೂ ಸಾಯದ ಮೀನಿನ ಹುಳು

ಜಪಾನಿನಲ್ಲಿ ಮನೆ ಮಾಡಿಕೊಂಡಿರುವ ಮಕ್ಕಳೇ, ಅಲ್ಲಿನ ‘ಶಿಮೆ ಸಾಬಾ’ ನೀವೇ ಮಾಡುವುದಾದರೆ ಇದನ್ನು ಮೊದಲು ತಿಳಿದುಕೊಳ್ಳಿ. ಸಾಬಾ ಎಂದರೆ ನಮ್ಮ ಬಂಗುಡೆಯ ಬಳಗದ ಮೀನು. ಅದಕ್ಕೆ ಉಪ್ಪು ಸವರಿ, ವಿನೆಗರ್‌ನಲ್ಲಿ ನೆನೆಸಿ, ಬೇಯಿಸದೆ ತಿನ್ನುತ್ತಾರೆ. ಹುಳಿಯಲ್ಲಿ ನೆಂದಿದೆಯಲ್ಲ, ಮೀನಿನೊಳಗಿನ ಹುಳು ಸತ್ತಿರುತ್ತದೆ ಅಂದುಕೊಳ್ಳಬೇಡಿ. ಮನುಷ್ಯನ ಜಠರದ ಆಮ್ಲವನ್ನೇ ತಾಳಿಕೊಳ್ಳುವ ಅನಿಸಾಕಿಸ್ ಹುಳಕ್ಕೆ ಅಡುಗೆಮನೆಯ ವಿನೆಗರ್, ಉಪ್ಪು, ಸೋಯಾ ಸಾಸ್, ವಸಾಬಿ ಯಾವ ಲೆಕ್ಕ?

ಇದು ಎರಡು-ಮೂರು ಸೆಂಟಿಮೀಟರ್ ಉದ್ದದ ಬಿಳಿ ದಾರದಂಥ ಹುಳು. ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಮೀನಿನ ಕರುಳು, ಪಿತ್ತಜನಕಾಂಗಗಳ ಮೇಲೆ ಕೂತಿರುತ್ತದೆ. ಮೀನು ಸತ್ತ ಮೇಲೆ ಅಲ್ಲಿಂದ ಮಾಂಸಕ್ಕೆ ನುಸುಳುತ್ತದೆ. ಹಾಗಾಗಿ ಇಡೀ ಮೀನು ತಂದರೆ ಮೊದಲ ಕೆಲಸವೇ ಹೊಟ್ಟೆ ಸೀಳಿ ಒಳಗಿನದನ್ನೆಲ್ಲ ತೆಗೆದು ತೊಳೆಯುವುದು. ನಾಳೆಗೆ ಅಂತ ಹಾಗೇ ಫ್ರಿಜ್ಜಿನಲ್ಲಿ ಇಡಬಾರದು. ಹೊಟ್ಟೆಭಾಗದ ತೆಳು ಮಾಂಸದಲ್ಲಿ ಹುಳು ಹೆಚ್ಚು, ಹಸಿಯಾಗಿ ತಿನ್ನಲು ಅದನ್ನು ಬಳಸಬೇಡಿ. ಉಳಿದದ್ದನ್ನು ಒಳ್ಳೆಯ ಬೆಳಕಿನಲ್ಲಿ ಎರಡೂ ಮಗ್ಗುಲು ತಿರುಗಿಸಿ ನೋಡಿ. ಈ ಹುಳು ಇರುವ ಬೊಂಡಾಸನ್ನು (ಸ್ಕ್ವಿಡ್) ನೂಲಿನಷ್ಟು ಸಣ್ಣಗೆ ಹೆಚ್ಚಿದರೆ ಹುಳು ತುಂಡಾಗುವ ಸಾಧ್ಯತೆ ಹೆಚ್ಚು. ಆದರೂ ಕಣ್ಣನ್ನೂ ಕತ್ತಿಯನ್ನೂ ಪೂರ್ತಿ ನಂಬುವಂತಿಲ್ಲ.

ನಂಬಬೇಕಾದದ್ದು ಚಳಿ, ಇಲ್ಲವೇ ಬೆಂಕಿ. ಜಪಾನಿನ ನಿಯಮ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ. ಅಮೆರಿಕದವರು ಅದೇ ಚಳಿಯಲ್ಲಿ 7 ದಿನ ಇಡಿ ಅನ್ನುತ್ತಾರೆ. ಜಪಾನಿನ ಲೆಕ್ಕ ಮೀನಿನ ನಡುಭಾಗಕ್ಕೆ, ಫ್ರೀಜರಿನ ಗಾಳಿಗಲ್ಲ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಬಾಗಿಲು ತೆರೆದಾಗಲೆಲ್ಲ ಚಳಿ ಕಡಿಮೆಯಾಗುತ್ತದೆ. ಥರ್ಮಾಮೀಟರ್ ಇಟ್ಟು ನೋಡಿ. ಮೈನಸ್ 20 ಮುಟ್ಟದಿದ್ದರೆ ಆ ಮೀನು ಸಾರಿಗೇ ಸರಿ. ಬೇಯಿಸುವಾಗ ನಡುಭಾಗ 60 ಡಿಗ್ರಿಯಲ್ಲಿ ಒಂದು ನಿಮಿಷ ಇರಬೇಕು, 70 ದಾಟಿದರೆ ಹುಳು ತಕ್ಷಣ ಸಾಯುತ್ತದೆ. ಕುದಿಯುವ ಸಾರಿನಲ್ಲಿ ಇದು ತಾನಾಗಿ ಆಗುತ್ತದೆ. ದಪ್ಪ ತುಂಡನ್ನು ತವಾ ಮೇಲೆ ಹುರಿಯುವಾಗ ಮಾತ್ರ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಉರಿ ತಗ್ಗಿಸಿ, ಮುಳ್ಳಿನಿಂದ ಮಾಂಸ ಬಿಡುವವರೆಗೂ ಬೇಯಿಸಿ.

ಹಸಿ ಮೀನು ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗ ಹಿಂಡಿದಂತೆ ನೋವು, ವಾಂತಿ ಬಂದರೆ ಓಮದ ಕಷಾಯ ಕುಡಿಯುತ್ತ ಕಾಯಬೇಡಿ. ಯಾವ ಮೀನು, ಎಷ್ಟು ಹೊತ್ತಿಗೆ ತಿಂದದ್ದು ಅಂತ ಡಾಕ್ಟರಿಗೆ ಹೇಳಿ; ಜಠರಕ್ಕೆ ಕಚ್ಚಿಕೊಂಡ ಹುಳುವನ್ನು ಎಂಡೋಸ್ಕೋಪಿಯಲ್ಲಿ ಚಿಮ್ಮಟ ಹಾಕಿ ಎಳೆದು ತೆಗೆಯುತ್ತಾರೆ. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ಅಲರ್ಜಿ, ಕೂಡಲೇ ಆಸ್ಪತ್ರೆಗೆ ಓಡಿ. ಈ ಅಲರ್ಜಿ ಇರುವವರಿಗೆ ಬೆಂದು ಸತ್ತ ಹುಳುವಿನಿಂದಲೂ ತೊಂದರೆಯಾಗಬಹುದು. ಅಂಥವರಿಗೆ ಮೀನಿನ ಸಾರು ಬಡಿಸುವ ಮೊದಲು ಅವರ ಡಾಕ್ಟರನ್ನು ಕೇಳಿ.