ಶಿಕಾಗೋಗೆ ಹೊರಟವರೇ, ಮನೆ ಹತ್ತಿರ ಕಾಡು ಇದೆಯಾ ನೋಡಿ

ಶಿಕಾಗೋ ಕಡೆಯಿಂದ ರಜೆಗೆಂದು ಹಾವೇರಿಗೆ ಬಂದಿದ್ದೇನೆ. ಬಂದ ವಾರದಲ್ಲೇ ಹುಬ್ಬಳ್ಳಿಯ ಒಬ್ಬ ಹುಡುಗ, ಗದಗಿನ ಒಂದು ಜೋಡಿ ಮನೆಗೆ ಬಂದು ಹೋದರು. ಮೂವರೂ ಮುಂದಿನ ತಿಂಗಳು ಶಿಕಾಗೋ ಕಡೆ ಹೊರಟವರು. ಬಾಡಿಗೆ ಎಷ್ಟು, ಜೋಳದ ಹಿಟ್ಟು ಸಿಗುತ್ತಾ, ಚಳಿಗೆ ಜಾಕೆಟ್ ಇಲ್ಲೇ ಕೊಳ್ಳಬೇಕಾ ಅಂತ ಕೇಳಿದರು. ಅದನ್ನೆಲ್ಲ ಹೇಳಿದೆ. ಅವರು ಕೇಳದೇ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ಅಲ್ಲಿನ ಫಾರೆಸ್ಟ್ ಪ್ರಿಸರ್ವ್‌ಗಳು, ಅಂದರೆ ಊರುಗಳ ನಡುವೆಯೇ ಉಳಿಸಿಕೊಂಡ ಸಾರ್ವಜನಿಕ ಕಾಡುಗಳು.

ಕಾಡು ಅಂದರೆ ನಮಗೆ ದಾಂಡೇಲಿ. ಗಾಡಿ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ವರ್ಷಕ್ಕೊಮ್ಮೆ ಹೋಗುವ ಜಾಗ. ಅಲ್ಲಿ ಹಾಗಲ್ಲ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಸುಮಾರು 70 ಸಾವಿರ ಎಕರೆ ಕಾಡು, ಹುಲ್ಲುಗಾವಲು, ಜೌಗು ನೆಲ ಎಲ್ಲರಿಗೂ ಸೇರಿದ್ದು. ನಮ್ಮ ಕಪ್ಪತ್ತಗುಡ್ಡ ವನ್ಯಧಾಮ 244 ಚದರ ಕಿ.ಮೀ., ಅಂದರೆ ಸುಮಾರು 60 ಸಾವಿರ ಎಕರೆ. ಕುಕ್ ಕೌಂಟಿಯ ಕಾಡು ಅದಕ್ಕಿಂತ ದೊಡ್ಡದು, ಆದರೆ ತುಂಡು ತುಂಡಾಗಿ ಊರುಗಳ ನಡುವೆ ಹರಡಿಕೊಂಡಿದೆ. 1914ರಲ್ಲಿ ಅಲ್ಲಿನ ಜನ ಮತ ಹಾಕಿ ಇದಕ್ಕೆ ಒಪ್ಪಿಗೆ ಕೊಟ್ಟರು. ಈ ಹಾದಿಗಳಲ್ಲಿ ನಡೆಯಲು ಟಿಕೆಟ್ ಇಲ್ಲ. ಆಫೀಸಿನಿಂದ ಬಂದು ಚಹಾ ಕುಡಿದು ಹೋಗಿಬರಬಹುದು.

ನಾನಿರುವುದು ರಿವರ್‌ಸೈಡ್ ಹತ್ತಿರ, ಡೆಸ್ ಪ್ಲೇನ್ಸ್ ನದಿಯ ದಂಡೆಯಲ್ಲಿ. ಕಾಗದಪತ್ರದಲ್ಲಿ ಅದು ‘ವಿಲೇಜ್’. ನಮ್ಮ ಹಳ್ಳಿ ಅಂದುಕೊಳ್ಳಬೇಡಿ, ರೈಲು ನಿಲ್ದಾಣ, ಲೈಬ್ರರಿ ಎಲ್ಲ ಇರುವ ಪುಟ್ಟ ಪಟ್ಟಣ. 1869ರಲ್ಲಿ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರು ಅದರ ನಕ್ಷೆ ಹಾಕಿದರು. ನದಿ ಹೇಗೆ ಬಳುಕುತ್ತದೋ ರಸ್ತೆಗಳೂ ಹಾಗೇ ಬಳುಕುತ್ತವೆ. ದಾರಿ ತಪ್ಪುತ್ತದೆ, ಫೋನಿನಲ್ಲಿ ಚಾರ್ಜ್ ಇರಲಿ. ಕಾರು ಇಲ್ಲದವರು ಶಿಕಾಗೋದ ಯೂನಿಯನ್ ಸ್ಟೇಷನ್‌ನಲ್ಲಿ ರಿವರ್‌ಸೈಡ್ ಕಡೆಯ ಮೆಟ್ರಾ ರೈಲು ಹತ್ತಿದರೆ ಸಾಕು. ಮೊದಲ ತಿಂಗಳು ಕಾರಿಲ್ಲ ಅಂತ ಕೋಣೆಯಲ್ಲೇ ಕೂತು ಮನಸ್ಸು ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಅಲ್ಲೇ ಪಕ್ಕದ ಬ್ರೂಕ್‌ಫೀಲ್ಡ್‌ನಿಂದ ಸಾಲ್ಟ್ ಕ್ರೀಕ್ ಟ್ರೇಲ್ ಶುರುವಾಗುತ್ತದೆ. ಹಳ್ಳದ ಜೊತೆಜೊತೆಗೇ ಹೋಗುವ ಡಾಂಬರು ಹಾದಿ, ಸೈಕಲ್‌ಗೆ ಒಳ್ಳೆಯದು. ಲಯನ್ಸ್ ಊರಲ್ಲಿ ಶಿಕಾಗೋ ಪೋರ್ಟೇಜ್ ಇದೆ. 1673ರಲ್ಲಿ ಮಾರ್ಕೆಟ್ ಮತ್ತು ಜೋಲಿಯೆ ಎಂಬ ಫ್ರೆಂಚರು ಇಲ್ಲಿಂದ ಹಾದುಹೋದರು. ಅವರಿಗೆ ಈ ದಾರಿ ತೋರಿಸಿದ್ದು ಅಲ್ಲಿನ ಮೂಲನಿವಾಸಿಗಳು. ಒಂದು ನದಿಯಿಂದ ದೋಣಿಯನ್ನು ಹೊತ್ತು ನಡೆದು ಇನ್ನೊಂದಕ್ಕೆ ಇಳಿಸುತ್ತಿದ್ದ ಜಾಗ ಅದು. ಶಿಕಾಗೋ ಅಲ್ಲಿ ಬೆಳೆದದ್ದೇ ಈ ದಾರಿಯಿಂದ. ಮಕ್ಕಳಿಗೆ ತೋರಿಸಿ.

ಅವ್ವ ಆರು ತಿಂಗಳಿಗೆಂದು ಬಂದಾಗ ಮೊದಲ ಎರಡು ವಾರ ಕಿಟಕಿ ಬಿಟ್ಟು ಏಳಲಿಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ ಅನ್ನುತ್ತಿದ್ದಳು. ಒಂದು ಸಂಜೆ ನದಿ ದಂಡೆಗೆ ಕರೆದೊಯ್ದೆ. ಸುತ್ತ ನೋಡಿ, “ಇಷ್ಟು ಭೂಮಿ ಖಾಲಿ ಬಿಟ್ಟಾರಲ್ಲ, ಯಾರ ಹೊಲ ಇದು?” ಅಂದಳು. ಯಾರದ್ದೂ ಅಲ್ಲ, ಎಲ್ಲರದ್ದು ಅಂದೆ. ಮರುದಿನ ನಾನು ಬರುವ ಹೊತ್ತಿಗೆ ಸೀರೆ ಮೇಲೆ ಸ್ವೆಟರ್, ಕಾಲಿಗೆ ಬೂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಅವ್ವನನ್ನು ಕರೆಸಿಕೊಳ್ಳುವವರು ಮನೆ ಹುಡುಕುವಾಗಲೇ ನಡೆದು ಹೋಗುವಷ್ಟು ದೂರದಲ್ಲಿ ಇಂಥ ಹಾದಿ ಇದೆಯಾ ನೋಡಿ. ಮಾಲ್ ಹತ್ತಿರ ಇಲ್ಲದಿದ್ದರೂ ನಡೆಯುತ್ತದೆ.

ಪೂಜೆಗೆ ಅಂತ ಅವ್ವ ಹೂವಿಗೆ ಕೈ ಹಾಕಿದ್ದಳು, ನಾನು ತಡೆದೆ. ಹೂವು, ಹಣ್ಣು, ಅಣಬೆ ಏನನ್ನೂ ಕೀಳುವಂತಿಲ್ಲ. ಜಿಂಕೆಗೆ, ಬಾತುಗಳಿಗೆ ತಿನ್ನಲು ಹಾಕಬೇಡಿ. ಗಣಪತಿಯನ್ನು ಆ ನದಿಗೆ ಬಿಡಬೇಡಿ, ಮನೆಯಲ್ಲೇ ಬಕೆಟ್‌ನಲ್ಲಿ ಮುಳುಗಿಸಿ. ಹದಿನಾರು ತುಂಬಿದವರು ಮೀನು ಹಿಡಿಯಬೇಕಾದರೆ ರಾಜ್ಯದ ಲೈಸೆನ್ಸ್ ಬೇಕು. ಯುಗಾದಿಗೆ ಊರವರೆಲ್ಲ ಸೇರುವುದಿದ್ದರೆ ಪಿಕ್ನಿಕ್ ಜಾಗಕ್ಕೆ ಮೊದಲೇ ಪರ್ಮಿಟ್ ಮಾಡಿಸಿ.

ಇನ್ನು ಉಣ್ಣಿ. ಇದನ್ನು ಹಗುರ ಮಾಡಬೇಡಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ ಅಲ್ವಾ, ಅಲ್ಲಿ ಲೈಮ್ ಅನ್ನುವ ಕಾಯಿಲೆ ಹರಡುತ್ತದೆ. ಬೇಸಿಗೆಯಲ್ಲೂ ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಹಾದಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ. ಮಕ್ಕಳ ಕಿವಿಯ ಹಿಂದೆ, ಮಂಡಿಯ ಹಿಂದೆ, ತಲೆಗೂದಲಲ್ಲಿ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮೂರು ಮೂರು ಎಲೆಯ ಪಾಯ್ಸನ್ ಐವಿ ಬಳ್ಳಿಯನ್ನೂ ಮುಟ್ಟಬೇಡಿ, ಮೈಯೆಲ್ಲ ತುರಿಕೆ, ಗುಳ್ಳೆ ಏಳುತ್ತವೆ.

ಜೋರು ಮಳೆಯಾದಾಗ ಡೆಸ್ ಪ್ಲೇನ್ಸ್ ಉಕ್ಕಿ ಹಾದಿಯ ಮೇಲೆ ಬರುತ್ತದೆ. ಮೊಣಕಾಲುದ್ದ ನೀರು ಅಂತ ಇಳಿಯಬೇಡಿ, ವಾಪಸ್ ಬನ್ನಿ.

ಸೂರ್ಯ ಮುಳುಗಿದರೆ ಕಾಡು ಬಂದ್. ಜೂನ್‌ನಲ್ಲಿ ರಾತ್ರಿ ಎಂಟೂವರೆಯ ತನಕ ಬೆಳಕು, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಹಾಗಂತ ಚಳಿಗಾಲದಲ್ಲಿ ಬಿಡಬೇಡಿ. ಹಿಡಿತ ಇರುವ ಬೂಟು ಹಾಕಿಕೊಂಡು ಶನಿವಾರ ಮಧ್ಯಾಹ್ನ ಹೋಗಿ. ಎಲೆ ಉದುರಿದ ಓಕ್ ಮರಗಳ ನಡುವೆ ಜಿಂಕೆಗಳು ದೂರದಿಂದಲೇ ಕಾಣುತ್ತವೆ.

ನಾನಿದನ್ನು ಬರೆಯುವಾಗ ಅವ್ವ ಪಕ್ಕದಲ್ಲೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ. ವರದೆಗೆ ನೀರು ಬಂದಿದೆ ಅಂದಳು. ಆಮೇಲೆ, ಆ ನಿಮ್ಮ ಹೊಳಿಗೂ ಬಂದಿರಬೇಕಲ್ಲ ಅಂತ ಕೇಳಿದಳು.