ಅನಾನಸ್ ಮೊಸರು ಸಂಜಿ ತನಕ ಕಹಿ ಆಗದಂಗ: ನನ್ನ ಅನುಭವ

ಅನಾನಸ್ ಮೊಸರಿನ್ಯಾಗ ಹಾಕಬ್ಯಾಡ್ರಿ, ಕಹಿ ಆಗ್ತದ ಅಂತ ನನಗ ಹೇಳದವ್ರೇ ಇಲ್ಲ. ಈಗ ಕಲಬುರಗಿ ಒಳಗ ನನ್ನ ಖಾನಾವಳಿ ಡಬ್ಬಿನ್ಯಾಗ ವಾರಕ್ಕ ಎರಡು ದಿನ ಅದೇ ಮೊಸರು ಹೋಗ್ತದ, ಮುಂಜಾನಿ ಕಲಸಿದ್ದು ಸಂಜಿಗೂ ರುಚಿ ಇರ್ತದ, ಬ್ಯಾಡ ಅಂದವ್ರೇ ಹ್ಯಾಂಗ ಮಾಡ್ತೀರಿ ಅಂತ ಕೇಳ್ಲಿಕತ್ತಾರ.

ಸುರುವಿಗೆ ರೊಕ್ಕ ಬಾಳ ಹೋಯ್ತು. ಹಸಿ ಹೋಳು ಕಲಸಿದ್ರ ತಾಸೊಪ್ಪತ್ತಿನ್ಯಾಗ ಕಹಿ ಆಗಿ ನೀರು ಬಿಡ್ತಿತ್ತು. ಸಕ್ರಿ ಜಾಸ್ತಿ ಹಾಕಿ ನೋಡ್ದೆ, ಉಪ್ಪುನೀರಾಗ ನೆನಸಿ ನೋಡ್ದೆ, ಫ್ರಿಜ್‌ನ್ಯಾಗ ಇಟ್ರ ಸ್ವಲ್ಪ ತಡಾ ಆಗ್ತದ ಅಷ್ಟೇ. ಮೊಸರೊಂದೇ ಆರೇಳುನೂರು ರೂಪಾಯಿದು ಚೆಲ್ಲಿರಬೇಕು. ಅದರಾಗ ಒಬ್ಬ ವ್ಯಾಪಾರಿ ಪೂರಾ ಕಾಯಿ ಮಾಲ್ ಕಳಿಸಿ, ಇಟ್ರ ಹಣ್ಣಾಗ್ತದ ಅಂದ. ಅನಾನಸ್ ಕೊಯ್ದ ಮ್ಯಾಲ ಬಣ್ಣ ತಿರಗ್ತದ, ಸಿಹಿ ಏರಂಗಿಲ್ಲ, ಬುಡ ಮೂಸಿ ನೋಡೇ ತಗೋಬೇಕು.

ಟಿನ್ನಿನ ಅನಾನಸ್ ಹಾಕಿದಾಗ ಮಾತ್ರ ಕಹಿ ಆಗ್ಲಿಲ್ಲ, ಅಲ್ಲೇ ಗುಟ್ಟು ಸಿಕ್ತು. ಅದನ್ನ ಮೊದಲೇ ಕಾಯಿಸಿರ್ತಾರ. ಹಸಿ ಹಣ್ಣಿನ್ಯಾಗ ಬ್ರೋಮೆಲಿನ್ ಅನ್ನೋ ಕಿಣ್ವ (ಎಂಜೈಮ್) ಇರ್ತದ, ಅದು ಹಾಲು ಮೊಸರಿನ ಪ್ರೋಟೀನ್ ಒಡೀತದ, ಅದಕ್ಕೇ ಕಹಿ ಆಗೋದು, ಬಿಸಿಗೆ ಅದರ ಆಟ ಮುಗೀತದ. ಈಗ ಸಣ್ಣ ಹೋಳು ಬೋಗಾಣಿಗೆ ಹಾಕಿ, ಅದರದೇ ರಸದಾಗ ಸ್ವಲ್ಪ ಬೆಲ್ಲ ಹಾಕಿ, ಎಲ್ಲಾ ಕಡೆ ಕುದಿ ಎದ್ದ ಮ್ಯಾಲ ಐದಾರು ನಿಮಿಷ ಬಿಡ್ತೀನಿ, ಹೋಳಿನ ಅಂಚು ಗಾಜಿನಂಗ ಹೊಳೀಬೇಕು, ನಡುವು ಬೆಳ್ಳಗ ಉಳದ್ರ ಇನ್ನೂ ಆಗಿಲ್ಲ ಅಂತ. ಪೂರಾ ತಣ್ಣಗಾದ ಮ್ಯಾಲೇ ಮೊಸರು. ಕಡೀಗೆ ಹಾಕೋ ಒಂದು ಪುಡಿ ಅದ, ಅದು ನನ್ನ ಹತ್ರನೇ ಇರ್ಲಿ.

ಕುದಿಸಿದ್ರ ವಿಟಮಿನ್ ಸಿ ಕಡಿಮಿ ಆಗ್ತದ, ಖರೆ. ಅದಕ್ಕೇ ಜೋಳದ ರೊಟ್ಟಿ, ಪಲ್ಯ ಇರೋ ದಿನ ಹಸಿ ಹೋಳೇ ಕೊಡ್ತೀನಿ. 100 ಗ್ರಾಂ ಹಸಿ ಹಣ್ಣಿನ್ಯಾಗ ಸುಮಾರು 50 ಕ್ಯಾಲರಿ, ವಿಟಮಿನ್ ಸಿ 45-50 ಮಿಲಿಗ್ರಾಂ, ಮ್ಯಾಂಗನೀಸೂ ಚಲೋ ಅದ, ಮತ್ತ ಆ ಸಿ ಜೋಳ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲಿಕ್ಕ ಸಹಾಯ ಮಾಡ್ತದ. ಜ್ಯೂಸ್ ಕೇಳ್ತಾರ, ನಾ ಕೊಡಂಗಿಲ್ಲ, ಸೋಸಿದ್ರ ನಾರು ಹೋಗಿ ಸಕ್ರಿ ಉಳೀತದ. ಶುಗರ್ ಇದ್ದವ್ರಿಗೆ ಎರಡು ಸಣ್ಣ ಹೋಳು ಸಾಕು, 100 ಗ್ರಾಮಿಗೆ ಸಕ್ರಿ ಹತ್ತು ಗ್ರಾಂ ಹತ್ರ ಇರ್ತದ. ರಕ್ತ ತೆಳು ಮಾಡೋ ಗುಳಗಿ ತಗೋಳೋರು ಡಾಕ್ಟರ್‌ನ ಕೇಳಿ ತಿನ್ರಿ.

ಜೆಲ್ಲಿನೂ ಮಾಡಿ ನೋಡ್ದೆ, ಜಿಲೆಟಿನ್ನೂ ಪ್ರೋಟೀನೇ, ಹಸಿ ಅನಾನಸ್ ಜೋಡಿ ಗಟ್ಟಿ ಆಗ್ಲೇ ಇಲ್ಲ, ಕಡಲ ಪಾಚಿಯಿಂದ ಮಾಡೋ ಚೈನಾ ಗ್ರಾಸ್ ಹಾಕಿದ್ರ ತಕ್ಷಣ ಹಿಡೀತು. ಅದೇ ಹಸಿ ರಸ ಗಟ್ಟಿ ಮಟನ್‌ಗೆ ಅರ್ಧ ತಾಸು ಸವರಿದ್ರ ಮೆತ್ತಗ ಬೇಯ್ತದ, ರಾತ್ರಿ ಪೂರಾ ಬಿಟ್ರ ಹಿಟ್ಟಾಗ್ತದ.

ಲೆಕ್ಕಕ್ಕ ಬಂದ್ರ, ಒಂದೂವರಿ ಕೆಜಿ ಹಣ್ಣಿನ್ಯಾಗ ಸಿಪ್ಪಿ, ಜುಟ್ಟು, ದಿಂಡು ಹೋಗಿ ತಿನ್ನೋದು ಮುಕ್ಕಾಲು ಕೆಜಿ ಹತ್ರ ಉಳೀತದ. ಅದಕ್ಕೇ ಡಬ್ಬಿಗೆ ಐದು ರೂಪಾಯಿ ಜಾಸ್ತಿ ಇಟ್ಟೀನಿ, ಆದ್ರೂ ಒಬ್ಬರೂ ಬಿಟ್ಟಿಲ್ಲ.